ರಾಬರ್ಟ್‌ಗೆ ಆಗ ಬರೀ 19

ನಮ್ಮ ಬಾದಾಮಿ ಗೆಳೆಯರು ರೈಲು ಹಿಡಿದು ಬಾಗಲಕೋಟೆಗೆ ಬರ್ತಾರೆ. ಹುನಗುಂದ, ಇಳಕಲ್ ಕಡೆಯವರಿಗೆ ಬಸ್ಸೇ ಗತಿ. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಬಾದಾಮಿ, ಬಾಗಲಕೋಟೆ ಹಾಯ್ದು ಹೋಗುವ ಗದಗ–ಹೊಟಗಿ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ್ದು 1880ರ ದಶಕದಲ್ಲಿ. ಆಗ ನಮ್ಮ ದೇಶಕ್ಕೆ ಎಂಜಿನ್ನುಗಳು ಹಡಗಿನಲ್ಲಿ ಹೊರಗಿನಿಂದಲೇ ಬರ್ತಿದ್ದವು. ಪೂರ್ತಿ ಇಲ್ಲೇ ಕಟ್ಟಿದ ಮೊದಲ ಉಗಿ ಎಂಜಿನ್ ಅಜ್ಮೀರದ ವರ್ಕ್‌ಶಾಪಿನಿಂದ ಹೊರಬಂದದ್ದು 1895ರಲ್ಲಿ.

ರೈಲು ಎಂಜಿನ್ ಕಟ್ಟೋದಕ್ಕಂತಲೇ ಜಗತ್ತಿನ ಮೊದಲ ಕಂಪನಿ ಶುರುವಾದದ್ದು ಎಲ್ಲಿ ಗೊತ್ತೇನು? ಲಂಡನ್ನಿನಲ್ಲಲ್ಲ. ಕಲ್ಲಿದ್ದಲು ಸೀಮೆಯ ನ್ಯೂಕ್ಯಾಸಲ್‌ನಲ್ಲಿ, 1823ರಲ್ಲಿ. ಹೆಸರು ರಾಬರ್ಟ್ ಸ್ಟೀಫನ್‌ಸನ್ ಅಂಡ್ ಕಂಪನಿ. ಅದರ ಉಸ್ತುವಾರಿ ಹೊತ್ತ ರಾಬರ್ಟ್‌ಗೆ ಆಗ 19 ವರ್ಷ; ನಮ್ಮ ಸೆಕೆಂಡ್ ಇಯರ್ ಹುಡುಗರ ವಯಸ್ಸು! ಅಪ್ಪ ಜಾರ್ಜ್ ಗಣಿಯ ಎಂಜಿನ್ ನೋಡಿಕೊಳ್ತಾ ಬೆಳೆದವನು, ಓದುಬರಹ ಕಲಿತದ್ದೇ 18 ದಾಟಿದ ಮೇಲೆ.

ಅವರ ಮುಂದಿದ್ದದ್ದು ತಮ್ಮ ಸೀಮೆಯದೇ ಪ್ರಶ್ನೆ: ಗಣಿಯ ಕಲ್ಲಿದ್ದಲನ್ನು ದೂರ ಸಾಗಿಸೋದು ಹೇಗೆ? 1825ರಲ್ಲಿ ಅವರ 'ಲೊಕೊಮೋಷನ್' ಓಡಿತು. 1828ರಲ್ಲಿ ಅದೇ ಎಂಜಿನ್ನಿನ ಬಾಯ್ಲರ್ ಸಿಡಿದು ಚಾಲಕ ಸತ್ತ. ಮರುವರ್ಷ ಅದೇ ಕಂಪನಿ 'ರಾಕೆಟ್' ಕಟ್ಟಿ ರೇನ್‌ಹಿಲ್ ಸ್ಪರ್ಧೆ ಗೆದ್ದಿತು. ಬಾಯ್ಲರಿನೊಳಗೆ ಒಂದೇ ದಪ್ಪ ಕೊಳವೆಯ ಬದಲು 25 ತಾಮ್ರದ ಕೊಳವೆ. ಬಿಸಿ ತಾಗುವ ಮೈ ಹೆಚ್ಚಾಯ್ತು, ಉಗಿ ಬೇಗ ಎದ್ದಿತು. ಆ ಉಪಾಯ ಕೊಟ್ಟವನು ಎಂಜಿನಿಯರ್ ಅಲ್ಲ, ರೈಲ್ವೆ ಕಂಪನಿಯ ಕಾರ್ಯದರ್ಶಿ ಹೆನ್ರಿ ಬೂತ್.

ಈಗ ನಮ್ಮ ಕಡೆ ನೋಡೋಣ. ಫೈನಲ್ ಇಯರ್ ಬಂತಂದ್ರೆ ನಮ್ಮಲ್ಲಿ ಎಷ್ಟೋ ಜನ ರೊಕ್ಕ ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರ್ತೀವಿ. ವೈವಾ ಮುಗಿದ ಮರುದಿನ ಅದು ಹಾಸ್ಟೆಲ್ ಮಂಚದ ಕೆಳಗೆ. ಅದು ಕೆಟ್ಟರೆ ಯಾಕೆ ಕೆಟ್ಟಿತು ಅನ್ನೋದೂ ನಮಗೆ ಗೊತ್ತಾಗಂಗಿಲ್ಲ.

ನಿಜ, ಸ್ಟೀಫನ್‌ಸನ್‌ರ ಹಿಂದೆ ಎಡ್ವರ್ಡ್ ಪೀಸ್‌ನಂಥ ವರ್ತಕನ ಬಂಡವಾಳವಿತ್ತು. ಆದರೆ ನಾವು ಕೇಳ್ತಿರೋದು ಕಂಪನಿಯನ್ನಲ್ಲ, ಒಂದು ಪ್ರಾಜೆಕ್ಟನ್ನು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೈಯಿಂದಲೇ ಕೊಂಡಿ ಹಾಕಿ ಜೋಡಿಸ್ತಾರೆ. ಆ ಮಗ್ಗದ ಪಕ್ಕ ಕೂತು, 'ಕಾಕಾ, ನಿಮಗೆಲ್ಲಿ ತ್ರಾಸ ಆಗ್ತದ?' ಅಂತ ನಮ್ಮಲ್ಲಿ ಯಾರಾದ್ರೂ ಕೇಳಿದ್ದೀವಾ?

ಈ ವರ್ಷದ ಬ್ಯಾಚಿಗೆ ನಮ್ಮದೊಂದೇ ಮಾತು. ಪ್ರಾಜೆಕ್ಟಿಗೆ ಅಡ್ವಾನ್ಸ್ ಕೊಡೋ ಮೊದಲು ಒಂದು ರವಿವಾರ ಇಳಕಲ್ ಬಸ್ಸು ಹತ್ತೋಣ. ನಾವು ಕಟ್ಟಿದ್ದು ಮೊದಲ ಸಲ ಕೆಡಬಹುದು, ಮಾರ್ಕ್ಸೂ ಕಡಿಮೆ ಬರಬಹುದು. ಆದ್ರೂ ಯಾಕೆ ಕೆಟ್ಟಿತು ಅಂತ ಹೇಳೋಕೆ ನಮಗೇ ಬರ್ತದೆ.