ಅಮ್ಮನ ಕಾಲಿಗೆ ನೋವೇ ಆಗಲಿಲ್ಲ

ಈ ಸಲದ ಅಂಕಣಕ್ಕೆ ವಿಷಯ ನೋವು ಎಂದಾಗ, "ಯುಗಾದಿ ಸಂಚಿಕೆಗೆ ಇದೇನ್ರೀ ಅಪಶಕುನ" ಎಂದಳು ನನ್ನಾಕೆ. ಬೇವನ್ನೂ ತಿನ್ನುವ ಹಬ್ಬವಲ್ಲವೇ, ಓದುಗರು ಕ್ಷಮಿಸುತ್ತಾರೆ ಎಂದೆ.

ಕೆಲವು ವರ್ಷಗಳ ಹಿಂದೆ ಅಮ್ಮ ಶಿವಮೊಗ್ಗದಿಂದ ಟೊರಾಂಟೊಗೆ ಬಂದಿದ್ದರು. ಜನವರಿಯ ಚಳಿ. ರಾತ್ರಿ ಹಾಟ್ ವಾಟರ್ ಬ್ಯಾಗನ್ನು ಪಾದದಡಿ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ಕಾಲುಚೀಲ ತೆಗೆದರೆ ಹಿಮ್ಮಡಿಯಲ್ಲಿ ರೂಪಾಯಿಯಗಲದ ಬೊಬ್ಬೆ!

"ಉರಿಯಲಿಲ್ಲವೇನಮ್ಮಾ?"

"ಇಲ್ಲ ಕಣೋ, ಹಿತವಾಗೇ ಇತ್ತು."

ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಪ್ರತಿ ಭಾನುವಾರ ಫೋನಿನಲ್ಲಿ "ಶುಗರ್ ಎಷ್ಟಿದೆ" ಎಂದು ಕೇಳುತ್ತಿದ್ದ ಡಾಕ್ಟರ್ ಮಗ, "ಕಾಲು ಹೇಗಿದೆ" ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ರಾತ್ರಿ ಆಗಬೇಕಾಗಿದ್ದುದೇನು? ಚರ್ಮದೊಳಗಿನ ನರತುದಿಗಳಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ. ಶಾಖ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವುಗಳಲ್ಲಿ ಒಂದು ಬಗೆಯವು ತೆರೆದುಕೊಂಡು ಸುದ್ದಿ ಕಳಿಸುತ್ತವೆ. ತಮಾಷೆಯೆಂದರೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ಇದೇ ಬಾಗಿಲು ತೆರೆಯುತ್ತದೆ. ಖಾರ ತಿಂದಾಗ ಬಾಯಿ 'ಸುಡುವುದು' ಅದಕ್ಕೇ. ನಮ್ಮ ಬ್ಯಾಡಗಿಯಲ್ಲಿ ಅದು ಕಡಿಮೆ, ಬಣ್ಣವೇ ಹೆಚ್ಚು. ಗುಂಟೂರಿನ ಕಾಯಿಯ ಕಥೆ ಬೇರೆ. 1997ರಲ್ಲಿ ಈ ಬಾಗಿಲನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು.

ಸುದ್ದಿ ಸಾಗಲು ಎರಡು ದಾರಿ. ಒಂದು ಬಗೆಯ ನರತಂತು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ಸುಮಾರು ಒಂದು ಮೀಟರ್ ತೆವಳುತ್ತದೆ. ಹೊಸ್ತಿಲಿಗೆ ಬೆರಳು ಎಡವಿದಾಗ ಮೊದಲು ಚುರುಕ್ಕೆಂದು, ಕ್ಷಣ ಬಿಟ್ಟು ಜುಮುಜುಮು ನೋವು ಬರುವುದು ಹೀಗೆ.

ಎಡವಿದ ತಕ್ಷಣ ಬೆರಳನ್ನು ಉಜ್ಜಿಕೊಳ್ಳುತ್ತೇವಲ್ಲ, ಅದು ಬರೀ ಸಮಾಧಾನಕ್ಕಲ್ಲ. ನಮ್ಮ ಮಾಂಟ್ರಿಯಲ್‌ನವರೇ ಆದ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಜೊತೆ 1965ರಲ್ಲಿ ಹೇಳಿದ್ದು ಇದನ್ನೇ: ಬೆನ್ನುಹುರಿಯಲ್ಲಿ ನೋವಿಗೊಂದು ಗೇಟು ಇದೆ, ಸ್ಪರ್ಶದ ಸುದ್ದಿ ಬಂದರೆ ಅದು ಅರೆಬರೆ ಮುಚ್ಚಿಕೊಳ್ಳುತ್ತದೆ. ಅವರು ಬಿಡಿಸಿದ ನಕ್ಷೆಯ ವಿವರಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿದಿದೆ. ಮೆದುಳೂ ಮೇಲಿನಿಂದ ಈ ಗೇಟನ್ನು ಆಡಿಸುತ್ತದೆ. ಅಫೀಮಿನಂಥ ರಾಸಾಯನಿಕಗಳನ್ನು ದೇಹವೇ ತಯಾರಿಸುತ್ತದೆಂದು 1975ರಲ್ಲಿ ಅಬರ್ಡೀನ್‌ನಲ್ಲಿ ಕಂಡುಕೊಂಡರು. ಭಯ, ನಿದ್ದೆಗೇಡು ಇದ್ದರೆ ಅದೇ ಪೆಟ್ಟು ಹೆಚ್ಚು ನೋಯುವುದೂ ಉಂಟು. ಹಾಗಾಗಿ "ಎಲ್ಲಾ ಮನಸ್ಸಿನದು" ಎಂದು ಯಾರನ್ನೂ ತಳ್ಳಿಹಾಕಬೇಡಿ. ಆ ನೋವು ನಿಜವಾದದ್ದೇ.

ಅಮ್ಮನ ವಿಷಯದಲ್ಲಿ ಗೇಟಿನವರೆಗೆ ಸುದ್ದಿಯೇ ಬರಲಿಲ್ಲ. ಮಧುಮೇಹದಲ್ಲಿ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಆದ್ದರಿಂದಲೇ ಪಾದ. ಕೆಲವರಿಗೆ ಉರಿ, ಕೆಲವರಿಗೆ ಜೋಮು. ಜೋಮೇ ಹೆಚ್ಚು ಅಪಾಯ, ಏಕೆಂದರೆ ಯಾರೂ ದೂರುವುದಿಲ್ಲ. ಆ ಬೊಬ್ಬೆ ಹುಣ್ಣಾಗಿ ಮಾಯಲು ಹತ್ತು ವಾರ ಹಿಡಿಯಿತು. ನಯಾಗರ ನೋಡದೆಯೇ ಅಮ್ಮ ಊರಿಗೆ ಮರಳಿದರು.

ಊರಿನಿಂದ ಅಪ್ಪ ಅಮ್ಮ ಬಂದಾಗ ಹಾಟ್ ವಾಟರ್ ಬ್ಯಾಗು, ಹೀಟರು ಪಾದಕ್ಕೆ ತಾಗದಂತೆ ನೋಡಿಕೊಳ್ಳಿ. ದಿನಾ ಅಂಗಾಲನ್ನು ನೀವೇ ನೋಡಿ. ವರ್ಷಕ್ಕೊಮ್ಮೆ ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದ ಪರೀಕ್ಷಿಸಲಿ. ಎರಡು ನಿಮಿಷದ ಕೆಲಸ.

ಈಗ ಭಾನುವಾರದ ವಿಡಿಯೊ ಕರೆಯಲ್ಲಿ ಅಮ್ಮ ಮೊದಲು ಫೋನನ್ನು ಕಾಲಿನತ್ತ ತಿರುಗಿಸುತ್ತಾರೆ. "ನೋಡಿದ್ಯೇನೋ? ಇನ್ನು ಮಕ್ಕಳನ್ನ ಕರಿ."