ಪ್ರೌಢಶಾಲೆಯಲ್ಲಿ ಚಲಚ್ಚಿತ್ರ ವಿದ್ಯೆ

ಪ್ರೌಢಶಾಲೆಯ ಪಾಠಪಟ್ಟಿಯಲ್ಲಿ ಚಲಚ್ಚಿತ್ರ ನಿರ್ಮಾಣಕ್ಕೆ ಸ್ಥಾನವುಂಟೆ ಎಂದು ಕೇಳಿದರೆ ನಮ್ಮಲ್ಲಿ ಅನೇಕ ತಂದೆತಾಯಿಗಳು ನಕ್ಕುಬಿಡುವರು. ಮಕ್ಕಳು ಸಿನಿಮಾ ನೋಡಿ ಕೆಡುತ್ತಿರುವುದು ಸಾಲದೆ, ಅದನ್ನು ತೆಗೆಯುವುದನ್ನೂ ಕಲಿಸಬೇಕೆ ಎಂಬುದು ಅವರ ಪ್ರಶ್ನೆ. ಭೌತವಿಜ್ಞಾನವನ್ನು ಬೋಧಿಸುವ ನಮಗಾದರೋ ಆ ವಿದ್ಯೆಗೆ ಶಾಲೆಯಲ್ಲಿ ಸ್ಥಾನವುಂಟೆಂದು ಮಾತ್ರವಲ್ಲ, ಅದು ಪ್ರಯೋಗಶಾಲೆಯ ಪಕ್ಕದಲ್ಲಿಯೇ ಇರತಕ್ಕದ್ದೆಂದು ತೋರುತ್ತದೆ.

ಚಲಚ್ಚಿತ್ರವೆಂಬ ಹೆಸರೇ ಒಂದು ಒಗಟು. ಪರದೆಯ ಮೇಲೆ ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಅವುಗಳ ನಡುವಣ ಚಲನೆಯನ್ನು ಕಟ್ಟಿಕೊಳ್ಳುವುದು ನಮ್ಮ ಮಿದುಳು. ಅರ್ಥದ ವಿಷಯವೂ ಹೀಗೆಯೇ. 1920ರ ಸುಮಾರಿನಲ್ಲಿ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ನಿರ್ಭಾವದ ಮುಖವನ್ನು ಒಮ್ಮೆ ಊಟದ ತಟ್ಟೆಯ ಚಿತ್ರದೊಡನೆ, ಒಮ್ಮೆ ಶವಪೆಟ್ಟಿಗೆಯ ಚಿತ್ರದೊಡನೆ ಜೋಡಿಸಿ ತೋರಿಸಿದನಂತೆ. ಮುಖ ಒಂದೇ ಆದರೂ ಪ್ರೇಕ್ಷಕರು ಅದರಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಹೇಳುವರು. ನೋಟದ ಅರ್ಧಭಾಗ ನೋಡುಗನ ತಲೆಯಲ್ಲಿಯೇ ಹುಟ್ಟುವುದೆಂಬುದನ್ನು ಅರಿಯದವನು ಪರದೆಯ ಮುಂದೆ ನಿರಾಯುಧನೇ ಸರಿ.

ಈ ವಿದ್ಯೆ ವಿಜ್ಞಾನಕ್ಕೆ ಹೊರಗಿನದಲ್ಲ. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು 1940ರ ದಶಕದಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿತರು. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಅವರು ಸ್ಟುಡಿಯೋದ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪ್ರತಿಫಲಿಸಿ ಒಳಗೆ ತಂದು, ಕತ್ತಲೆಯ ನಡುವೆ ಬೆಳಕಿನ ಕಂಬವೊಂದನ್ನು ನಿಲ್ಲಿಸಿದರು. ದೀಪದ ಕಿರಣಗಳು ದೂರ ಹೋದಂತೆ ಹರಡಿ ಕುಂದುತ್ತವೆ. ಸುಮಾರು 15 ಕೋಟಿ ಕಿಲೋಮೀಟರು ದೂರದ ಸೂರ್ಯನ ಕಿರಣಗಳಾದರೋ ಬಹುಮಟ್ಟಿಗೆ ಸಮಾನಾಂತರವಾಗಿ ಬರುತ್ತವೆ. ಪಠ್ಯಪುಸ್ತಕದ ಈ ಎರಡು ವಾಕ್ಯಗಳು ಅಲ್ಲಿ ಕಲೆಯಾದವು.

ಇನ್ನು ಇಂದಿನ ಅಗತ್ಯವನ್ನು ನೋಡೋಣ. ಮೊಬೈಲು ಫೋನಿನ ಮೂಲಕ ಮನೆಮನೆಗೂ ಚಿತ್ರಗಳು ಬರುತ್ತಿವೆ. ಅವುಗಳಲ್ಲಿ ವೇಗ ಬದಲಿಸಿದವು, ಕತ್ತರಿಸಿ ಜೋಡಿಸಿದವು, ಗಣಕಯಂತ್ರವೇ ಹೆಣೆದವು ಎಲ್ಲವೂ ಇವೆ. ಅಂಥ ಚಿತ್ರವನ್ನು ನಂಬಿ ನೆರೆಯವನನ್ನು ದ್ವೇಷಿಸುವುದೂ ಉಂಟು. ಇದಕ್ಕೆ ಉಪದೇಶಕ್ಕಿಂತ ಅಳತೆ ಒಳ್ಳೆಯ ಮದ್ದು. ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವ ಕ್ಯಾಮರಾದ ಮುಂದೆ, ಅಳತೆಪಟ್ಟಿಯ ಪಕ್ಕದಲ್ಲಿ ಒಂದು ಚೆಂಡನ್ನು ಕೈಬಿಡಿರಿ. 6 ಚಿತ್ರಗಳ ಕಾಲ, ಎಂದರೆ 0.2 ಸೆಕೆಂಡು, ಕಳೆದಾಗ ಅದು ಸುಮಾರು 19.6 ಸೆಂಟಿಮೀಟರು ಬಿದ್ದಿರುವುದು. 12 ಚಿತ್ರಗಳ ಕಾಲ ಕಳೆದಾಗ 78.4 ಸೆಂಟಿಮೀಟರು. ಅದೇ ಚಿತ್ರವನ್ನು ಯಾರಾದರೂ ಅರ್ಧವೇಗಕ್ಕೆ ಇಳಿಸಿದರೆ 19.6 ಸೆಂಟಿಮೀಟರು ಬೀಳುವುದಕ್ಕೇ 0.4 ಸೆಕೆಂಡು ಹಿಡಿಯುವುದು. ಲೆಕ್ಕ ಹಾಕಿದರೆ ಗುರುತ್ವದ ವೇಗೋತ್ಕರ್ಷವು ನಿಜವಾದುದರ ನಾಲ್ಕನೆಯ ಒಂದು ಪಾಲಾಗಿ ಕಾಣುವುದು. ಕೈವಾಡವನ್ನು ಭೂಮಿಯೇ ಬಯಲಿಗೆಳೆಯಿತಲ್ಲವೆ? ಎಲ್ಲ ನಕಲುಗಳೂ ಈ ಒಂದು ಉಪಾಯಕ್ಕೆ ಸಿಕ್ಕಿಬೀಳವು, ನಿಜ. ಆದರೆ ಚಿತ್ರವನ್ನು ತಾನೇ ತೆಗೆದು, ಕತ್ತರಿಸಿ, ಜೋಡಿಸಿ ನೋಡಿದ ವಿದ್ಯಾರ್ಥಿಗೆ 'ಇದನ್ನು ಯಾರು, ಎಲ್ಲಿ ನಿಂತು ತೆಗೆದರು? ಏನನ್ನು ಬಿಟ್ಟರು?' ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಭಾರವೇ ಸಾಕಷ್ಟಿರುವಾಗ ಇದಕ್ಕೆ ವೇಳೆಯೆಲ್ಲಿ, ಹಣವೆಲ್ಲಿ ಎಂದು ಆಕ್ಷೇಪಿಸಬಹುದು. ಹಣದ ಮಾತು ದೊಡ್ಡದಲ್ಲ: ಉಪಾಧ್ಯಾಯರ ಒಂದು ಫೋನು, ಒಂದು ಅಳತೆಪಟ್ಟಿ, ಕಿಟಕಿಯ ಬಿಸಿಲು ಇದ್ದರೆ ಕೆಲಸ ಪ್ರಾರಂಭವಾಗುತ್ತದೆ. ವೇಳೆಯ ಮಾತಿಗೆ ನಮ್ಮ ಸಲಹೆ ಇದು: ಒಂಬತ್ತನೆಯ ತರಗತಿಯಲ್ಲಿ ವಾರಕ್ಕೊಂದು ಪೀರಿಯಡ್ಡು, ವರ್ಷದ ಕೊನೆಗೆ ಪ್ರತಿಯೊಂದು ತಂಡದಿಂದ, ಊರಿನ ಕೆರೆಯ ಬಗೆಗೋ ಸಂತೆಯ ಬಗೆಗೋ ಮೂರು ನಿಮಿಷದ ಒಂದು ಚಿತ್ರ. ಅಂಕಗಳು ಮಾತ್ರ ಬೇಡ. ಅಂಕಗಳಿಗೆ ಕಟ್ಟಿದೊಡನೆಯೇ ಇದಕ್ಕೂ ಗೈಡುಗಳು ಹುಟ್ಟಿ, 'ಸಂಕಲನ ಎಂದರೇನು?' ಎಂಬುದಕ್ಕೆ ಕಂಠಪಾಠದ ಉತ್ತರ ಸಿದ್ಧವಾಗುವುದು. ಕ್ಯಾಮರಾ ಬೀರುವಿನಲ್ಲಿ ಉಳಿಯುವುದು.

ಕಲೆಗೂ ವಿಜ್ಞಾನಕ್ಕೂ ನಡುವೆ ಗಡುಸಾದ ಗೋಡೆ ಇರಕೂಡದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ ಮಾತನ್ನು ಆಚರಣೆಗೆ ತರಲು ಇದಕ್ಕಿಂತ ಸುಲಭವಾದ ಬಾಗಿಲು ನಮಗೆ ಕಾಣದು. ಎಲ್ಲ ವಿದ್ಯಾರ್ಥಿಗಳೂ ನಿರ್ದೇಶಕರಾಗಬೇಕೆಂದು ನಾವು ಬಯಸುತ್ತಿಲ್ಲ. ಓದುವುದನ್ನು ಕಲಿಸುವಾಗ ಬರೆಯುವುದನ್ನೂ ಕಲಿಸುತ್ತೇವೆ. ನೋಡುತ್ತಲೇ ಬೆಳೆಯುತ್ತಿರುವ ಮಕ್ಕಳಿಗೆ ತೋರಿಸುವುದನ್ನೂ ಕಲಿಸುವುದು ನ್ಯಾಯವಲ್ಲವೆ?