ನಾನೇಕೆ ಆ ಮನವಿಗೆ ಸಹಿ ಹಾಕಲಿಲ್ಲ



ಕಳೆದ ತಿಂಗಳು ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಂಧಘಟ್ಟಕ್ಕೆ ಬಂದಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಅವನ ನಾಯಿ, ಕೈಯಲ್ಲೊಂದು ಮನವಿ ಪತ್ರ. ರಾಜ್ಯ ಸರ್ಕಾರವು ಸಾಕುನಾಯಿಗಳ ಬಗ್ಗೆ ಯಾವ ಕಾನೂನು ಮಾಡುವುದಿದ್ದರೂ ಮೊದಲು ಸಾಕುವವರನ್ನು ಕೇಳಬೇಕು, ಯಾವ ತಳಿಯನ್ನೂ ನಿಷೇಧಿಸಬಾರದು, ಮನೆಗಿಷ್ಟೇ ನಾಯಿ ಎಂದು ಮಿತಿ ಹೇರಬಾರದು ಎಂಬ ಮೂರು ಬೇಡಿಕೆಗಳು ಅದರಲ್ಲಿದ್ದವು. "ಮೇಷ್ಟ್ರೇ, ಮೂಕಪ್ರಾಣಿಗಳ ಮೇಲೆ ಕರುಣೆ ಇರಲಿ ಅಂತ ನಮಗೆ ಪಾಠ ಮಾಡಿದವರೇ ನೀವು. ನಿಮ್ಮದೂ ಒಂದು ಸಹಿ ಇರಲಿ" ಎಂದ. ನಾನು ಎರಡು ಸಲ ಓದಿ, ಸಹಿ ಹಾಕದೆ ಹಿಂದಿರುಗಿಸಿದೆ. ಅವನು ಕಾಫಿ ಕುಡಿದು, ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಅಂದು ನಾನು ಸರಿಯಾಗಿ ಹೇಳಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂಬ ನಂಬಿಕೆ ನನಗಿದೆ.

ಮೊದಲಿಗೆ ಅವನ ಪಕ್ಷದಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳುತ್ತೇನೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಸಚಿವಾಲಯವು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳು ಅಪಾಯಕಾರಿ ಎಂದು ಹೇಳಿ, ಅವುಗಳ ಮಾರಾಟಕ್ಕೂ ಸಂತಾನಾಭಿವೃದ್ಧಿಗೂ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಈಗಾಗಲೇ ಮನೆಗಳಲ್ಲಿರುವ ಆ ತಳಿಯ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕೆಂದೂ ಅದರಲ್ಲಿತ್ತು. ಇದನ್ನು ಪ್ರಶ್ನಿಸಿ ನಾಯಿ ಸಾಕುವವರು ನಮ್ಮ ಹೈಕೋರ್ಟಿಗೆ ಹೋದರು. ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ನ್ಯಾಯಾಲಯವು ಏಪ್ರಿಲ್ 10ರಂದು ರದ್ದುಪಡಿಸಿತು. ಎಲ್ಲರನ್ನೂ ಕೇಳಿ, ಕ್ರಮಬದ್ಧವಾಗಿ ನಿಯಮ ಮಾಡಲು ಸರ್ಕಾರಕ್ಕೆ ಅವಕಾಶವನ್ನೂ ಉಳಿಸಿತು. ಇದು ಸರಿಯಾದ ತೀರ್ಪು. ನಾಯಿಯ ಗುಣವನ್ನು ಕುಲದಿಂದ ಅಳೆಯುವುದು ಮನುಷ್ಯನನ್ನು ಕುಲದಿಂದ ಅಳೆದಷ್ಟೇ ತಪ್ಪು.

ಆದರೆ ಕಾನೂನು ಮಾಡುವಾಗ ತನ್ನನ್ನೂ ಕೇಳಬೇಕೆನ್ನುವವನು, ಕೇಳಿದಾಗ ಏನು ಹೇಳುತ್ತಾನೆ ಎಂಬುದು ಮುಖ್ಯವಲ್ಲವೇ? ಆ ಮನವಿಯಲ್ಲಿ ಸಾಕುವವನ ಹಕ್ಕುಗಳಿದ್ದವು; ಸಾಕುವವನ ಹೊಣೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾಯಿ ಕಚ್ಚಿದವರ ಬಗ್ಗೆಯೂ ಇರಲಿಲ್ಲ.

ಅದನ್ನು ಓದುವಾಗ ನನಗೆ ನೆನಪಾದದ್ದು 1970ರ ದಶಕದಲ್ಲಿ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ. ಶಾಲೆಗೆ ಬರುವ ದಾರಿಯಲ್ಲಿ ಒಬ್ಬ ಸ್ಥಿತಿವಂತರ ಮನೆಯ ಕಾವಲುನಾಯಿ ಅವನ ಮೀನಖಂಡವನ್ನು ಕಚ್ಚಿತು. ಆಗೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅವನ ತಂದೆ ಕೂಲಿಯವರು. ಹದಿನಾಲ್ಕು ದಿನವೂ ಮಗನನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ಹೋದರು, ಹದಿನಾಲ್ಕು ದಿನದ ಕೂಲಿ ಕಳೆದುಕೊಂಡರು. ನಾನು ಆ ಮನೆಗೆ ಹೋಗಿ ವಿಷಯ ತಿಳಿಸಿದಾಗ ಯಜಮಾನರು, "ನಮ್ಮ ನಾಯಿ ಯಾರಿಗೂ ಕಚ್ಚೋದಿಲ್ಲ ಮೇಷ್ಟ್ರೇ, ಹುಡುಗನೇ ಕೆಣಕಿರಬೇಕು" ಎಂದರು. ಆ ನಾಯಿ ಹಗಲೆಲ್ಲ ಎರಡು ಮೊಳದ ಸರಪಳಿಯಲ್ಲಿ ಬಿಸಿಲಿನಲ್ಲಿ ನಿಂತಿರುತ್ತಿತ್ತು. ಹುಡುಗನೂ ನಾಯಿಯೂ ಒಬ್ಬರ ಉದಾಸೀನಕ್ಕೇ ಬಲಿಯಾದವರೆಂದು ನನಗೆ ಅರಿವಾದದ್ದು ಬಹಳ ವರ್ಷಗಳ ನಂತರ.

ಕಾನೂನು ಇರಲಿಲ್ಲವೇ ಎಂದರೆ, ಇತ್ತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲೇ ಬಂದಿದೆ. ಅದರ 11ನೇ ಕಲಂ, ನಾಯಿಯನ್ನು ಸದಾ ಸರಪಳಿಯಲ್ಲಿ ಕಟ್ಟಿ ಓಡಾಡಿಸದೇ ಇರುವುದನ್ನು ಹೆಸರಿಟ್ಟೇ ಅಪರಾಧ ಎನ್ನುತ್ತದೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದೂ ಅಪರಾಧವೇ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ! ಬೆಂಗಳೂರಿನಲ್ಲಿ ಒಂದು ಚೀಲ ನಾಯಿ ಆಹಾರದ ಬೆಲೆ ಎಷ್ಟೆಂದು ನನ್ನ ಶಿಷ್ಯನಿಗೆ ಗೊತ್ತು. ಈ ಐವತ್ತು ರೂಪಾಯಿ ಯಾರನ್ನು ತಡೆದೀತು?

"ಅದು ಕೇಂದ್ರದ ಕಾಯ್ದೆ, ರಾಜ್ಯ ಏನು ಮಾಡೀತು?" ಎಂದು ಕೆಲವರು ಕೇಳುವರು. ಈ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕಂಬಳ ಮತ್ತು ಎತ್ತಿನಗಾಡಿ ಓಟಕ್ಕಾಗಿ ನಮ್ಮ ರಾಜ್ಯವೇ 2017ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕರಾವಳಿಯ ಜನ ಒಗ್ಗಟ್ಟಾಗಿ ಕೇಳಿದರು, ಕಾನೂನು ಬದಲಾಯಿತು. ನಾಯಿಯನ್ನು ಮಗುವಿನಂತೆ ಸಾಕುತ್ತೇವೆನ್ನುವ ವಿದ್ಯಾವಂತರು, ಆ ಮಗುವನ್ನು ಬೀದಿಗೆ ಬಿಡುವವನ ದಂಡವನ್ನು ಹೆಚ್ಚಿಸಿರೆಂದು ಏಕೆ ಕೇಳಬಾರದು?

"ತೊಂದರೆ ಇರುವುದು ಬೀದಿನಾಯಿಗಳಿಂದ, ನಮ್ಮಿಂದಲ್ಲ" ಎಂಬುದು ಅವರ ಇನ್ನೊಂದು ವಾದ. ಬೀದಿನಾಯಿಗಳ ವಿಷಯದಲ್ಲಿ ಪುರಸಭೆ, ಪಂಚಾಯಿತಿಗಳಿಗೆ ಹೊಣೆ ಇದೆ, ನಿಜ. ಆದರೆ ನಮ್ಮೂರಿನ ರಸ್ತೆಯ ಬದಿಯಲ್ಲಿ, ಕತ್ತಿನಲ್ಲಿ ಚರ್ಮದ ಪಟ್ಟಿಯಿದ್ದ, ಹೋಗಿಬರುವ ಪ್ರತಿ ಕಾರಿನ ಹಿಂದೆ ಓಡುತ್ತಿದ್ದ ದೊಡ್ಡ ಕೂದಲಿನ ನಾಯಿಯೊಂದನ್ನು ನಾನೇ ಕಂಡಿದ್ದೇನೆ. ಅದು ನಮ್ಮ ಹಳ್ಳಿಯಲ್ಲಿ ಹುಟ್ಟಿದ್ದಲ್ಲ. ಮರಿಯಾಗಿದ್ದಾಗ ಮುದ್ದು, ಬೆಳೆದ ಮೇಲೆ ಭಾರ ಎಂದುಕೊಂಡವರಾರೋ ಬಿಟ್ಟುಹೋದದ್ದು. ಅಂಥ ನಾಯಿಯನ್ನು ಬೀದಿನಾಯಿ ಮಾಡಿದವರು ಪಂಚಾಯಿತಿಯವರಲ್ಲ. ಸಾಕಿದ ಪ್ರಾಣಿಗೆ ಲಸಿಕೆ, ಸಂತಾನಹರಣ ಮಾಡಿಸುವ ಹೊಣೆ ಮಾಲೀಕನದೇ ಎಂದು 2023ರ ಕೇಂದ್ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ರೇಬೀಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು; ಲಸಿಕೆಯನ್ನು ಮಾಲೀಕನ ಇಷ್ಟಕ್ಕೆ ಬಿಡಲಾಗದು.

ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಥೆಯನ್ನು ನಿಮಗೆಲ್ಲ ತರಗತಿಯಲ್ಲಿ ಹೇಳಿದ್ದೆ, ನೆನಪಿದೆಯೇ? ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ಗಂಗರ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಮಣಲೇರನು ಆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಸಿದನು. ಭೂಮಿಯ ಹಕ್ಕು ಕೊಟ್ಟ ಶಾಸನದಲ್ಲೇ ಕರ್ತವ್ಯವನ್ನೂ ಬರೆದಿದ್ದಾರೆ. ಸಾವಿರ ವರ್ಷದ ಹಿಂದಿನವರಿಗೆ ಹೊಳೆದ ವಿವೇಕ ನಮ್ಮ ಮನವಿ ಪತ್ರದಲ್ಲಿ ಇಲ್ಲದಿರುವುದು ನಾಚಿಕೆಯ ಸಂಗತಿ.

ಆದ್ದರಿಂದ, ಮಗೂ, ನಿನ್ನ ಮೂರು ಬೇಡಿಕೆಗಳ ಕೆಳಗೆ ಇನ್ನು ಮೂರು ಸಾಲು ಸೇರಿಸು. ಸಾಕುನಾಯಿಯನ್ನು ನೋಂದಾಯಿಸಿ, ವರ್ಷವರ್ಷವೂ ಲಸಿಕೆಯ ದಾಖಲೆ ತೋರಿಸುತ್ತೇವೆ. ನಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ ಚಿಕಿತ್ಸೆಯ ಖರ್ಚನ್ನೂ ಕಳೆದುಹೋದ ಕೂಲಿಯನ್ನೂ ನಾವೇ ಭರಿಸುವಂತೆ ಕಾನೂನು ಮಾಡಿ. ನಾಯಿಯನ್ನು ಬೀದಿಗೆ ಬಿಟ್ಟವನಿಗೆ ಐವತ್ತು ರೂಪಾಯಿಯಲ್ಲ, ಅವನು ಮರೆಯಲಾಗದಷ್ಟು ದಂಡ ಹಾಕಿ. ಇದನ್ನು ನಾಯಿ ಸಾಕುವವರೇ ಕೇಳಿದರೆ ವಿಧಾನಸೌಧದಲ್ಲಿ ಅದಕ್ಕೆ ಬರುವ ತೂಕ ಬೇರೆ ಯಾರು ಕೇಳಿದರೂ ಬರುವುದಿಲ್ಲ.

ಅಷ್ಟು ಬರೆದುಕೊಂಡು ಬಾ. ನಿನ್ನ ನಾಯಿಯನ್ನೂ ಕರೆದುಕೊಂಡು ಬಾ; ಅಂದು ಅದು ಜಗಲಿಯ ಮೇಲೆ ನನ್ನ ಕಾಲ ಬಳಿ ಸುಮ್ಮನೆ ಮಲಗಿತ್ತು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಮೊದಲ ಸಹಿ ನನ್ನದೇ ಆಗಿರುತ್ತದೆ.